ವಿದೇಶ ಪ್ರವಾಸ: ಟೂರ್‌ನವರ ಜೊತೆಯೋ, ನಾವೇ ಬುಕ್ ಮಾಡಿಕೊಂಡೋ? ಮುಂಬೈ ಕನ್ನಡಿಗರಿಗೊಂದು ಮಾರ್ಗದರ್ಶಿ

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ದೀಪಾವಳಿಯ ಚಕ್ಕುಲಿ ಡಬ್ಬಿ ತಳ ಕಾಣುವ ಹೊತ್ತಿಗೆ ಮೇ ರಜೆಯ ಮಾತು ಶುರುವಾಗುತ್ತದೆ. ಸಂಘದ ಕಾರ್ಯಕ್ರಮ ಮುಗಿಸಿ ಚಹಾ ಹಿಡಿದು ನಿಂತಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕಾ, ಯುರೋಪಿಗೆ ಟೂರ್‌ನವರ ಜೊತೆ ಹೋಗೋದು ಒಳ್ಳೇದೋ, ನಾವೇ ಬುಕ್ ಮಾಡ್ಕೊಂಡು ಹೋಗೋದೋ?" ನಾನು ಎರಡೂ ಮಾಡಿದ್ದೇನೆ. 2018ರಲ್ಲಿ ಧಾರವಾಡದಿಂದ ಅತ್ತೆ-ಮಾವನನ್ನು ಕರೆಸಿಕೊಂಡು ಗ್ರೂಪ್ ಟೂರಿನಲ್ಲಿ ಯುರೋಪ್ ನೋಡಿ ಬಂದೆವು. 2023ರಲ್ಲಿ ಯಜಮಾನರು, ಮಗಳು, ನಾನು ಮೂವರೇ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದೆವು. ಜೊತೆಗೆ ಯಾರು ಬರುತ್ತಾರೆ ಎನ್ನುವುದೇ ಮುಕ್ಕಾಲು ಪಾಲು ನಿರ್ಧಾರ ಮಾಡಿಬಿಡುತ್ತದೆ, ದೇಶ ಮತ್ತು ದುಡ್ಡು ಆಮೇಲಿನ ಮಾತು ಎಂಬುದು ನನಗೆ ಎರಡೂ ಸಲ ಮನದಟ್ಟಾಯಿತು. ಅದಕ್ಕೇ ಈ ಮಾರ್ಗದರ್ಶಿಯನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲ ಹೆಜ್ಜೆ: ಎಲ್ಲರಿಗಿಂತ ನಿಧಾನ ನಡೆಯುವವರು ಯಾರು?

ಒಂದು ಹಾಳೆ ತೆಗೆದುಕೊಂಡು ಬರುವವರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ: ಎಷ್ಟು ದೂರ ನಡೆಯಬಲ್ಲರು, ಎಷ್ಟು ಹೊತ್ತಿಗೆ ಏಳುತ್ತಾರೆ, ಏನು ಉಣ್ಣುತ್ತಾರೆ, ಯಾವ ಭಾಷೆ ತಿಳಿಯುತ್ತದೆ.

ನಡಿಗೆಯನ್ನು ಬಾಯಿಮಾತಿನಲ್ಲಿ ನಂಬಬೇಡಿ. "ನನಗೇನೂ ಆಗೂದಿಲ್ಲ" ಎನ್ನದ ಹಿರಿಯರು ಯಾರಿದ್ದಾರೆ? ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೇ ಮನೆ ಬಿಟ್ಟು, ಲೋಕಲ್‌ನಲ್ಲಿ ಸಿಎಸ್‌ಎಂಟಿಗೆ ಹೋಗಿ, ಅಲ್ಲಿಂದ ಗೇಟ್‌ವೇವರೆಗೆ ನಡೆಸಿಕೊಂಡು ಹೋಗಿ. ಎರಡು ಕಿಲೋಮೀಟರಿಗಿಂತ ಚೂರು ಹೆಚ್ಚು ಅಷ್ಟೇ. ಮಧ್ಯಾಹ್ನ ಹೊರಗೇ ಊಟ, ಸಂಜೆ ಆರರವರೆಗೆ ತಿರುಗಾಟ. ಯಾರು ಎಷ್ಟು ಸಲ ಕೂತರು, ಯಾರಿಗೆ ಗಂಟೆಗೊಮ್ಮೆ ಶೌಚಾಲಯ ಬೇಕಾಯಿತು, ಊಟ ತಡವಾದರೆ ಯಾರ ಮುಖ ಬಾಡಿತು ಎಂದು ನೋಡಿಕೊಳ್ಳಿ. ವಿದೇಶದಲ್ಲಿ ಇದೇ ದಿನ ಹತ್ತು ಸಲ ಬರುತ್ತದೆ.

ಹಿರಿಯರಿದ್ದರೆ ಟೂರ್‌ನವರೇ ಸರಿ ಎಂದು ಎಲ್ಲರೂ ಕಣ್ಣುಮುಚ್ಚಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಟೂರಿನಲ್ಲಿ ಟಿಕೆಟ್, ಹೋಟೆಲ್, ಊಟದ ಚಿಂತೆ ಇರುವುದಿಲ್ಲ ನಿಜ. ಆದರೆ ಒಂದೆರಡು ರಾತ್ರಿಗೊಮ್ಮೆ ಹೋಟೆಲ್ ಬದಲು, ಬೆಳಿಗ್ಗೆ ಏಳಕ್ಕೆ ಬ್ಯಾಗು ಬಾಗಿಲ ಹೊರಗೆ, ಎಂಟಕ್ಕೆ ಬಸ್ಸು. ಹಳೇ ಊರುಗಳ ಒಳಗೆ ದೊಡ್ಡ ಬಸ್ಸು ಬಿಡುವುದಿಲ್ಲವಾದ್ದರಿಂದ ಇಳಿದ ಜಾಗದಿಂದ ಕಲ್ಲುಹಾಸಿನ ಮೇಲೆ ನಡೆಯಲೇಬೇಕು. ಮಂಡಿನೋವಿನವರಿಗೆ ಈ ಓಟ ಆಗಿಬರುವುದಿಲ್ಲ. ಅಂಥವರಿದ್ದರೆ ಒಂದೇ ದೇಶ, ಎರಡೇ ಊರು, ಪ್ರತಿ ಊರಲ್ಲಿ ನಾಲ್ಕೈದು ರಾತ್ರಿ, ಲಿಫ್ಟ್ ಇರುವ ಹೋಟೆಲು ಎಂದು ನೀವೇ ಬುಕ್ ಮಾಡಿಕೊಂಡು ಹೋಗುವುದು ಎಷ್ಟೋ ಮೇಲು. ಚೆನ್ನಾಗಿ ನಡೆಯುವ, ನಾಲ್ಕು ಜನರ ಜೊತೆ ಹರಟೆ ಇಷ್ಟಪಡುವ ಹಿರಿಯರಿಗೆ ಟೂರು ಹಬ್ಬದಂತೆ.

ಇನ್ನು ಭಾಷೆ. ಮುಂಬೈಯಿಂದ ಹೊರಡುವ ಗ್ರೂಪುಗಳಲ್ಲಿ ಹೆಚ್ಚಿನವರು ಮರಾಠಿ, ಗುಜರಾತಿ ಜನ. ಟೂರ್ ಮ್ಯಾನೇಜರ್ ಬಸ್ಸಿನ ಮೈಕಿನಲ್ಲಿ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಹೇಳುತ್ತಾರೆ. ಇಲ್ಲೇ ಬೆಳೆದ ನಮಗೆ ತೊಂದರೆಯಿಲ್ಲ. ಊರಿನಿಂದ ಬಂದ ಅತ್ತೆಗೆ ಮರಾಠಿ ತಕ್ಕಮಟ್ಟಿಗೆ ಬರುತ್ತಿತ್ತು, ಮಾವನಿಗೂ ಸರಿಹೋಯಿತು. ಅದೇ ಮಂಗಳೂರು ಕಡೆಯಿಂದ ತಂದೆ-ತಾಯಿಯನ್ನು ಕರೆಸಿಕೊಂಡ ನೆರೆಯವರ ಅನುಭವವೇ ಬೇರೆ. ಹಿರಿಯರು ಹತ್ತು ದಿನ ಮಗನ ಮುಖ ನೋಡುತ್ತ, "ಏನಂತೆ? ಏನು ಹೇಳಿದ್ರು?" ಎಂದು ಕೇಳುತ್ತಲೇ ಕಳೆದರಂತೆ. ಕನ್ನಡ ಮಾತ್ರ ಬಲ್ಲವರು ಜೊತೆಗಿದ್ದರೆ ಬೆಂಗಳೂರಿನಿಂದ ಹೊರಡುವ ಗ್ರೂಪನ್ನೂ ವಿಚಾರಿಸಿ, ಕನ್ನಡ ಬಲ್ಲ ಮ್ಯಾನೇಜರ್ ಇರುತ್ತಾರೆಯೇ ಎಂದು ಕೇಳಿ.

ಎರಡನೆಯ ಹೆಜ್ಜೆ: ದೇಶ ಎಷ್ಟು ಸಲೀಸು?

ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ, ಶ್ರೀಲಂಕಾ: ಇವಕ್ಕೆ ಮೊದಲ ಸಲವೇ ಸ್ವಂತವಾಗಿ ಹೋಗಬಹುದು. ಹಾರಾಟ ಕಡಿಮೆ, ವೀಸಾ ಹಗುರ. ಮಲೇಷ್ಯಾ 2023ರ ಡಿಸೆಂಬರಿನಿಂದ ನಮಗೆ 30 ದಿನದ ವೀಸಾರಹಿತ ಪ್ರವೇಶ ಕೊಟ್ಟಿತು, ಥಾಯ್ಲೆಂಡ್ 2024ರ ಜುಲೈಯಲ್ಲಿ 60 ದಿನಕ್ಕೆ ಏರಿಸಿತು. ವಿಯೆಟ್ನಾಂ ಇ-ವೀಸಾ ಮನೆಯಲ್ಲೇ ಕೂತು ಮಾಡಬಹುದು. ಸಿಂಗಪುರಕ್ಕೆ ಮಾತ್ರ ಅಧಿಕೃತ ಏಜೆಂಟರ ಮೂಲಕ ವೀಸಾ ಬೇಕು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ ತೆಗೆಯುವ ದಿನ ಆಯಾ ದೇಶದ ಸರ್ಕಾರಿ ಜಾಲತಾಣ ನೋಡಿಯೇ ಮುಂದುವರಿಯಿರಿ. ಮಲೇಷ್ಯಾ, ಥಾಯ್ಲೆಂಡ್, ಸಿಂಗಪುರಗಳಿಗೆ ಹೋಗುವ ಮೊದಲು ಆನ್‌ಲೈನಿನಲ್ಲಿ ಆಗಮನದ ಕಾರ್ಡನ್ನೂ ತುಂಬಬೇಕು.

ಸ್ವಿಟ್ಜರ್ಲೆಂಡ್, ಜಪಾನ್ ದುಬಾರಿ, ಆದರೆ ರೈಲು ಗಡಿಯಾರದಂತೆ ಓಡುವುದರಿಂದ ಸ್ವಂತಕ್ಕೆ ಬಹಳ ಸಲೀಸು. ಲೋಕಲ್‌ನಲ್ಲಿ ಬೆಳೆದ ನಮ್ಮ ಮಕ್ಕಳಿಗಂತೂ ಪ್ಲಾಟ್‌ಫಾರ್ಮ್, ಡಬ್ಬಿ, ಕನೆಕ್ಷನ್ ಎಲ್ಲ ರಕ್ತದಲ್ಲೇ ಇದೆ. ಹತ್ತು ಹನ್ನೆರಡು ದಿನದಲ್ಲಿ ಐದಾರು ದೇಶ ನೋಡಲೇಬೇಕು ಎನ್ನುವವರು ಟೂರಿಗೆ ಹೋಗಿ, ಅಷ್ಟು ಬೇಗ ಅಷ್ಟು ದೂರ ಸುತ್ತಿಸುವುದು ಬಸ್ಸಿಗೆ ಮಾತ್ರ ಸಾಧ್ಯ. ಟಿಬೆಟ್‌ನಂಥ ಕಡೆ ಏಜೆನ್ಸಿ ಮೂಲಕವೇ ಪರವಾನಗಿ ಪಡೆಯಬೇಕು, ಅಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ.

ಮೂರನೆಯ ಹೆಜ್ಜೆ: ಕಾರ್ಯಕ್ರಮ ಪಟ್ಟಿಯನ್ನು ಪೆನ್ನು ಹಿಡಿದು ಓದಿ

ದಾದರಿನ ಟೂರ್ ಆಫೀಸಿಗೆ ಹೋದರೆ ಹೊಳೆಯುವ ಪುಸ್ತಿಕೆ ಕೊಡುತ್ತಾರೆ. ಐಫೆಲ್ ಗೋಪುರ, ಟಿಟ್ಲಿಸ್, ಪೀಸಾ, ವೆನಿಸ್ ಎಲ್ಲ ಅದರಲ್ಲಿವೆ. ಚಿತ್ರ ಬಿಟ್ಟು ಕ್ರಿಯಾಪದ ನೋಡಿ.

"ಫೋಟೊ ಸ್ಟಾಪ್" ಎಂದರೆ ಬಸ್ಸಿನಿಂದ ಇಳಿದು ಹತ್ತು-ಹದಿನೈದು ನಿಮಿಷ ನಿಂತು ಬರುವುದು. "ಪನೋರಾಮಿಕ್ ಟೂರ್", "ಓರಿಯಂಟೇಶನ್ ಟೂರ್" ಎಂದರೆ ಹೆಚ್ಚಾಗಿ ಬಸ್ಸಿನ ಕಿಟಕಿಯಿಂದಲೇ. "ವಿಸಿಟ್" ಎಂದಿದ್ದರೂ ಪ್ರವೇಶ ಟಿಕೆಟ್ ಸೇರಿದೆಯೇ ಎಂದು ಕೇಳಬೇಕು. ಐಫೆಲ್ ಗೋಪುರದ ಎರಡನೇ ಅಂತಸ್ತೇ, ತುದಿಯೇ? ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಒಳಗೋ, ಹೊರಗಿನ ಗಾಜಿನ ಪಿರಮಿಡ್ಡೋ? ಒಳಗೆ ಎಂದರೆ ಆ ದಿನ ಮಂಗಳವಾರವೇ ಎಂದೂ ನೋಡಿ, ಲೂವ್ರ್‌ಗೆ ಮಂಗಳವಾರ ರಜೆ. "ಆಪ್ಷನಲ್" ಎಂದರೆ ಅಲ್ಲಿ ಯೂರೋದಲ್ಲಿ ಬೇರೆ ದುಡ್ಡು. ಒಂದೊಂದು ಸಾಲಿನ ಮುಂದೆಯೂ ಪೆನ್ನಿನಲ್ಲಿ "ಒಳಗೆ", "ಹೊರಗೆ", "ಬಸ್ಸಿನಿಂದ" ಎಂದು ಗುರುತು ಹಾಕಿ. ನಮ್ಮ 2018ರ ಪಟ್ಟಿಯಲ್ಲಿ ನಾನು ಹೀಗೆ ಗುರುತು ಹಾಕಿದ್ದು ಬಂದ ಮೇಲೆ. ಮೊದಲೇ ಹಾಕಿದ್ದರೆ ಮಾವನಿಗೆ ವ್ಯಾಟಿಕನ್ ಒಳಗೆ ಹೋಗುವ ಆಸೆ ಹುಟ್ಟಿಸುತ್ತಿರಲಿಲ್ಲ. ಅವರು ಹೊರಗಿನ ಚೌಕದಲ್ಲಿ ನಿಂತು, ಕತ್ತು ಎತ್ತಿ ಗುಮ್ಮಟ ನೋಡುತ್ತಿದ್ದ ಆ ಹೊತ್ತು ಈಗಲೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ಬಸ್ಸಿನ ಸಮಯದ ಬಗ್ಗೆ ಒಂದು ಮಾತು. ಟೂರ್ ಮ್ಯಾನೇಜರ್ "ಒಂಬತ್ತೂವರೆ ಅಂದರೆ ಒಂಬತ್ತೂವರೆ" ಎಂದು ಕೂಗಿದಾಗ ನಮ್ಮವರಿಗೆ ಸಿಟ್ಟು ಬರುತ್ತದೆ. ಅದರ ಹಿಂದೆ ಕಾನೂನಿದೆ. ಯುರೋಪಿನ ಒಕ್ಕೂಟದ ನಿಯಮದಂತೆ ಬಸ್ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ದಿನದ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ 11 ಗಂಟೆಗಳಷ್ಟು ಬಿಡುವು ಕೊಡಬೇಕು. ಬಸ್ಸಿನಲ್ಲಿರುವ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ. ಬೆಳಿಗ್ಗೆ ಯಾರೋ ಇಪ್ಪತ್ತು ನಿಮಿಷ ತಡ ಮಾಡಿದರೆ ಸಂಜೆ ನೋಡಬೇಕಾದ ಜಾಗವೊಂದು ಕೈತಪ್ಪುತ್ತದೆ. ಟೂರಿಗೆ ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗಬೇಕು: ನಲವತ್ತು ಜನರ ದಿನ ಒಂದೇ ಗಡಿಯಾರಕ್ಕೆ ಕಟ್ಟಿರುತ್ತದೆ.

ಆ ಟೂರಿನಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ನಮಗೆ ಸಿಕ್ಕಿದ್ದು ಒಂದು ಗಂಟೆ. ಕಲ್ಲಿನಲ್ಲಿ ಕೆತ್ತಿದ ಸಿಂಹ ನೋಡಿ, ಹದಿನಾಲ್ಕನೇ ಶತಮಾನದ ಮರದ ಸೇತುವೆಗೆ ಬಂದೆವು. ಕಂಬಿಯ ಮೇಲೆ ಕೆಂಪು ಹೂವಿನ ಕುಂಡಗಳು, ಕೆಳಗೆ ತಳ ಕಾಣುವಷ್ಟು ತಿಳಿನೀರು, ಹಂಸಗಳು. ಅತ್ತೆ ದಂಡೆಯ ಬೆಂಚಿನ ಮೇಲೆ ಕೂತು, ಚಪ್ಪಲಿ ಕಳಚಿ, ಸೆರಗಿನಿಂದ ಮುಖ ಒರೆಸಿಕೊಂಡು, "ಇಲ್ಲೇ ಒಂದರ್ಧ ತಾಸು ಕೂಡೂಣು, ಎಷ್ಟ ಛಲೋ ಅನಸ್ತದ" ಎಂದರು. ಬಸ್ಸಿಗೆ ಎಂಟು ನಿಮಿಷ ಉಳಿದಿತ್ತು. ಎಬ್ಬಿಸಿಕೊಂಡು ಹೋದೆ. ಐದು ವರ್ಷದ ಮೇಲೆ ಸ್ವಂತವಾಗಿ ಹೋದಾಗ ಅದೇ ದಂಡೆಯಲ್ಲಿ ಒಂದಿಡೀ ಮಧ್ಯಾಹ್ನ ಕೂತೆವು. ಅತ್ತೆಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ.

ನಾಲ್ಕನೆಯ ಹೆಜ್ಜೆ: ಲೆಕ್ಕ, ಎರಡು ಕಾಲಮ್ಮಿನಲ್ಲಿ

ಟೂರ್‌ನವರು ಹೇಳುವ ದರವನ್ನೂ ನೀವೇ ಮಾಡಿದ ವಿಮಾನ-ಹೋಟೆಲ್ ಲೆಕ್ಕವನ್ನೂ ನೇರ ಹೋಲಿಸಬೇಡಿ. ಎರಡೂ ಅರ್ಧ ಲೆಕ್ಕಗಳೇ.

ಟೂರಿನ ಕಾಲಮ್ಮಿಗೆ ಸೇರಿಸಬೇಕಾದ್ದು: ಜಿಎಸ್‌ಟಿ, ಟಿಸಿಎಸ್, ವೀಸಾ ಶುಲ್ಕ ಹೊರಗಿದ್ದರೆ ಅದು, ಚಾಲಕ ಮತ್ತು ಗೈಡಿಗೆ ದಿನದ ಲೆಕ್ಕದ ಟಿಪ್ಸ್, ಆಪ್ಷನಲ್ ಜಾಗಗಳು, ಸೇರಿಲ್ಲದ ಊಟಗಳು. ದರ ಸಾಮಾನ್ಯವಾಗಿ "ಟ್ವಿನ್ ಶೇರಿಂಗ್", ಅಂದರೆ ಒಂದು ಕೋಣೆಗೆ ಇಬ್ಬರು ಎಂಬ ಲೆಕ್ಕದ ಮೇಲೆ ಇರುತ್ತದೆ, ಒಬ್ಬರೇ ಹೋದರೆ ಒಂಟಿ ಕೋಣೆಗೆ ಹೆಚ್ಚುವರಿ ಕೊಡಬೇಕು. ದರದ ಒಂದು ಭಾಗ ಯೂರೋದಲ್ಲಿದ್ದರೆ ಯಾವ ದಿನದ ವಿನಿಮಯ ದರ ಹಿಡಿಯುತ್ತಾರೆ ಎಂದು ಬರಹದಲ್ಲಿ ಪಡೆಯಿರಿ.

ಟಿಸಿಎಸ್ ಬಗ್ಗೆ ಜನರಲ್ಲಿ ಗೊಂದಲವಿದೆ. ವಿದೇಶ ಪ್ಯಾಕೇಜ್ ಕೊಂಡರೆ ಮೊದಲ ರೂಪಾಯಿಯಿಂದಲೇ ಮೂಲದಲ್ಲಿ ತೆರಿಗೆ ವಸೂಲಿ ಮಾಡುತ್ತಾರೆ. 2023ರ ಅಕ್ಟೋಬರಿನಿಂದ 7 ಲಕ್ಷದವರೆಗೆ 5%, ಅದರ ಮೇಲೆ 20% ಎಂದಿತ್ತು. 2025ರ ಏಪ್ರಿಲಿನಲ್ಲಿ ಆ ಮಿತಿ 10 ಲಕ್ಷಕ್ಕೆ ಏರಿತು. ಬಜೆಟ್ಟಿನಲ್ಲಿ ದರ ಬದಲಾಗುತ್ತಿರುತ್ತದೆ, ಹಣ ಕಟ್ಟುವ ದಿನದ ದರ ಕೇಳಿ. ಇದು ಕಳೆದುಹೋಗುವ ದುಡ್ಡಲ್ಲ. ನಿಮ್ಮ ಪ್ಯಾನ್ ಸಂಖ್ಯೆಯ ಮೇಲೆ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣುತ್ತದೆ, ರಿಟರ್ನ್ ತುಂಬುವಾಗ ತೆರಿಗೆಯಲ್ಲಿ ಕಳೆಯುತ್ತದೆ ಇಲ್ಲವೇ ವಾಪಸು ಬರುತ್ತದೆ. ಆದರೆ ಅಲ್ಲಿಯವರೆಗೆ ಕೈಯಿಂದ ಹೊರಗಿರುತ್ತದೆ. ಯಾರ ಪ್ಯಾನ್ ಕೊಡುತ್ತೀರಿ ಎಂದು ಯೋಚಿಸಿ ಕೊಡಿ, ರಿಟರ್ನ್ ತುಂಬದ ಅತ್ತೆಯ ಪ್ಯಾನ್ ಕೊಟ್ಟರೆ ವಾಪಸು ಪಡೆಯಲು ಅವರ ರಿಟರ್ನ್ ತುಂಬಬೇಕಾಗುತ್ತದೆ. ಬರೀ ವಿಮಾನ ಟಿಕೆಟ್ ಅಥವಾ ಬರೀ ಹೋಟೆಲ್ ಬಿಡಿಯಾಗಿ ಕೊಂಡರೆ ಅದನ್ನು ಪ್ಯಾಕೇಜ್ ಎಂದು ಎಣಿಸುವುದಿಲ್ಲ.

ಸ್ವಂತದ ಕಾಲಮ್ಮಿನಲ್ಲಿ ನಮ್ಮವರು ಮರೆಯುವುದು: ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವ ಖರ್ಚು, ಕೆಲವು ಊರುಗಳು ಹೋಟೆಲಿನಲ್ಲೇ ತೆಗೆದುಕೊಳ್ಳುವ ರಾತ್ರಿ ತೆರಿಗೆ, ಲಾಕರ್, ಶೌಚಾಲಯದ ಚಿಲ್ಲರೆ, ಕಾರ್ಡ್ ಬಳಸಿದಾಗ ಬ್ಯಾಂಕ್ ಹಾಕುವ ವಿನಿಮಯ ಶುಲ್ಕ. ಕಾರ್ಡ್ ಯಂತ್ರ "ರೂಪಾಯಿಯಲ್ಲೋ, ಫ್ರಾಂಕಿನಲ್ಲೋ" ಎಂದು ಕೇಳಿದರೆ ಅಲ್ಲಿನ ದುಡ್ಡನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ ದರಕ್ಕೆ ಸಿಕ್ಕಿಬೀಳುತ್ತೀರಿ.

ನನ್ನ ಅನುಭವದಲ್ಲಿ ಇಬ್ಬರು ದೊಡ್ಡವರಿಗೆ, ಹಲವು ದೇಶಕ್ಕೆ, ಟೂರು ಅಗ್ಗವಾಗಬಹುದು. ನಲವತ್ತು ಜನರಿಗೆ ಒಟ್ಟಿಗೆ ಹಿಡಿದ ಕೋಣೆ, ಬಸ್ಸಿನ ದರ ನಮಗೆ ಸಿಗುವುದಿಲ್ಲ. ಮಕ್ಕಳಿದ್ದು ಒಂದೇ ದೇಶವಾದರೆ ಸ್ವಂತವೇ ಲಾಭ: ಸ್ವಿಸ್ ಟ್ರಾವೆಲ್ ಪಾಸ್ ಇರುವ ಅಪ್ಪ-ಅಮ್ಮನ ಜೊತೆ 6ರಿಂದ 15 ವರ್ಷದ ಮಕ್ಕಳಿಗೆ ರೈಲು, ಬಸ್ಸು, ದೋಣಿ ಉಚಿತ. ನಮ್ಮ ಮಗಳ ಓಡಾಟದ ಖರ್ಚು ಸೊನ್ನೆ.

ಐದನೆಯ ಹೆಜ್ಜೆ: ವೀಸಾ ಯಾರ ತಲೆಗೆ?

ಟೂರ್‌ನವರು ಕಾಗದ ಜೋಡಿಸಿಕೊಡುತ್ತಾರೆ, ಅಪಾಯಿಂಟ್‌ಮೆಂಟ್ ಹುಡುಕುತ್ತಾರೆ. ಬೆರಳಚ್ಚು ಕೊಡಲು ನೀವೇ ಹೋಗಬೇಕು, ವೀಸಾ ಕೊಡುವುದು ಬಿಡುವುದು ರಾಯಭಾರ ಕಚೇರಿಯ ಇಚ್ಛೆ. "ವೀಸಾ ಗ್ಯಾರಂಟಿ" ಎನ್ನುವವರಿಂದ ಎದ್ದು ಬನ್ನಿ.

ಯುರೋಪಿನ ಹೆಚ್ಚಿನ ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಗೆ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ನಿರಾಕರಿಸಿದರೆ ವಾಪಸಿಲ್ಲ. ಅತಿ ಹೆಚ್ಚು ರಾತ್ರಿ ಇರುವ ದೇಶಕ್ಕೆ ಅರ್ಜಿ. ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಮೇ ರಜೆಗೆ ಇಡೀ ಮುಂಬೈ ಒಟ್ಟಿಗೆ ನುಗ್ಗುವುದರಿಂದ ಡಿಸೆಂಬರ್-ಜನವರಿಯಲ್ಲೇ ಅಪಾಯಿಂಟ್‌ಮೆಂಟ್ ಹುಡುಕಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹಿರಿಯರಿಗೆ ಬಿಪಿ, ಸಕ್ಕರೆ ಇದ್ದರೆ ವಿಮೆಯ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ, ಮುಚ್ಚಿಟ್ಟರೆ ಕ್ಲೇಮ್ ಬಿದ್ದುಹೋಗುತ್ತದೆ.

ಇಬ್ಬರಿಗೆ ವೀಸಾ ಬಂದು ಒಬ್ಬರಿಗೆ ಬಾರದಿದ್ದರೆ ಟೂರ್‌ನವರು ಎಷ್ಟು ವಾಪಸು ಕೊಡುತ್ತಾರೆ? ಅಡ್ವಾನ್ಸ್ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಸ್ವಂತಕ್ಕೆ ಹೋಗುವವರು ವೀಸಾ ಕೈಗೆ ಬರುವವರೆಗೆ ಉಚಿತವಾಗಿ ರದ್ದು ಮಾಡಬಹುದಾದ ಹೋಟೆಲನ್ನೇ ಹಿಡಿಯಿರಿ.

ಆರನೆಯ ಹೆಜ್ಜೆ: ಊಟ

ಸಸ್ಯಾಹಾರಿಗಳಿಗೆ ಟೂರಿನ ದೊಡ್ಡ ಸಮಾಧಾನ ರಾತ್ರಿಯ ಭಾರತೀಯ ಊಟ. ಅನ್ನ, ದಾಲ್, ಪನೀರ್, ಒಂದು ಸಿಹಿ. ಐದನೇ ದಿನಕ್ಕೆ ಬೇಸರ ಬರುತ್ತದೆ, ಆದರೂ ಹೊಟ್ಟೆ ತಣ್ಣಗಿರುತ್ತದೆ. ನಮ್ಮ ಮಾವ ಹೊರಗೆ ಬೇರೇನನ್ನೂ ಮುಟ್ಟುವವರಲ್ಲ, ಅವರಿಗೆ ಆ ಟೂರಿನ ಊಟವೇ ಆಧಾರವಾಯಿತು.

ಸ್ವಂತಕ್ಕೆ ಹೋದರೆ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಖಡಕ್ ರೊಟ್ಟಿ ಒಂದು ತಿಂಗಳಾದರೂ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಜೊತೆಗಿದ್ದರೆ ಅಲ್ಲಿ ಮೊಸರು ಮಾತ್ರ ಕೊಂಡರಾಯಿತು; ಸ್ವಿಟ್ಜರ್ಲೆಂಡಿನಲ್ಲಿ ಕೋಪ್, ಮಿಗ್ರೋ ಅಂಗಡಿಗಳಲ್ಲಿ ಗಟ್ಟಿ ಮೊಸರು ಸಿಗುತ್ತದೆ. ತುಪ್ಪ, ಪೇಡೆ, ಪನೀರ್ ಮಾತ್ರ ಕಟ್ಟಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿನ ಒಕ್ಕೂಟದಲ್ಲಿ ನಿಷೇಧವಿದೆ. ಧಾರವಾಡದವರಿಗೆ ಪೇಡೆ ಬಿಟ್ಟು ಹೋಗುವುದು ಕಷ್ಟವೇ, ಆದರೆ ಬಿಡಬೇಕು.

ವಿಯೆಟ್ನಾಮಿನಲ್ಲಿ "ಚಾಯ್" ಎಂಬ ಫಲಕ ಇದ್ದರೆ ಸಸ್ಯಾಹಾರ. ಥಾಯ್ಲೆಂಡಿನಲ್ಲಿ ಬರೀ "ಮಾಂಸ ಬೇಡ" ಎಂದರೆ ಮೀನಿನ ಸಾಸ್ ಬರುತ್ತದೆ, "ಜೇ" ಎಂದು ಕೇಳಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಅದರ ಗುರುತು. ಜಪಾನಿನ ಮಿಸೊ ಸಾರಿನಲ್ಲಿ ಸಾಮಾನ್ಯವಾಗಿ ಮೀನಿನ ರಸವಿರುತ್ತದೆ, ಕೇಳಿಯೇ ತೆಗೆದುಕೊಳ್ಳಿ.

ಏಳನೆಯ ಹೆಜ್ಜೆ: ಎಡವಟ್ಟಾದಾಗ ಯಾರಿದ್ದಾರೆ?

2023ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಓಸ್ಟ್ ನಿಲ್ದಾಣದಿಂದ ಲೌಟರ್‌ಬ್ರುನ್ನನ್‌ಗೆ ರೈಲು ಹಿಡಿದೆವು. ಜ್ವೈಲೂಚಿನನ್ ಎಂಬ ಪುಟ್ಟ ನಿಲ್ದಾಣದಲ್ಲಿ ಆ ರೈಲು ಎರಡಾಗುತ್ತದೆ, ಅರ್ಧ ಲೌಟರ್‌ಬ್ರುನ್ನನ್‌ಗೆ, ಅರ್ಧ ಗ್ರಿಂಡೆಲ್‌ವಾಲ್ಡ್‌ಗೆ. ಡಬ್ಬಿಯ ಮೇಲಿನ ಹೆಸರು ನೋಡದೆ ಹತ್ತಿದ್ದೆವು. ಮಗಳು ಕಿಟಕಿಯಲ್ಲಿ ನೋಡಿ "ಅಮ್ಮಾ, ನಮ್ಮ ರೈಲು ಮುರೀತು!" ಎಂದಾಗಲೇ ಗೊತ್ತಾದದ್ದು. ಗ್ರಿಂಡೆಲ್‌ವಾಲ್ಡ್‌ವರೆಗೆ ಹೋಗಿ ಹಿಂತಿರುಗಿದೆವು. ಪಾಸ್ ಇದ್ದದ್ದರಿಂದ ದುಡ್ಡು ಹೋಗಲಿಲ್ಲ, ಅರ್ಧ ದಿನ ಹೋಯಿತು. ಮೂವರೇ ಇದ್ದಾಗ ಇಂಥದ್ದು ನಡೆಯುತ್ತದೆ. ಜೊತೆಗೆ ಅತ್ತೆ-ಮಾವ ಇದ್ದು, ಮಾತ್ರೆಯ ಹೊತ್ತು ಮೀರುತ್ತಿದ್ದರೆ ನನಗೆ ಕೈಕಾಲು ಆಡುತ್ತಿರಲಿಲ್ಲ.

ಟೂರಿನಲ್ಲಿ ಇಂಥ ತಪ್ಪು ಆಗುವುದಿಲ್ಲ. ಕಾಯಿಲೆಯ ವಿಷಯ ಬೇರೆ. ಒಬ್ಬರು ಆಸ್ಪತ್ರೆಗೆ ಸೇರಿದರೆ ಮ್ಯಾನೇಜರ್ ಸೇರಿಸಿ, ವಿಮೆಯವರಿಗೆ ಫೋನ್ ಮಾಡಿ, ಉಳಿದವರನ್ನು ಕರೆದುಕೊಂಡು ಮುಂದಿನ ಊರಿಗೆ ಹೋಗಲೇಬೇಕಾಗುತ್ತದೆ. ಮನೆಯವರು ಅಲ್ಲೇ ಉಳಿಯುತ್ತಾರೆ, ಒಂಟಿಯಾಗಿ. ಹಾಗಾಗಿ ಟೂರಿಗೆ ಹೋದರೂ ವಿಮೆಯ ನಂಬರು, ಕಾರ್ಡು, ಆ ದೇಶದಲ್ಲಿ ನಡೆಯುವ ಸಿಮ್ ನಿಮ್ಮ ಕೈಯಲ್ಲೇ ಇರಬೇಕು. ಮಾತ್ರೆಗಳು ಚೀಟಿ ಸಮೇತ ಕೈಚೀಲದಲ್ಲಿ, ದೊಡ್ಡ ಬ್ಯಾಗಿನಲ್ಲಲ್ಲ.

ಹಣ ಕಟ್ಟುವ ಸಂಸ್ಥೆಯ ಗಟ್ಟಿತನವನ್ನೂ ನೋಡಿ. 1758ರಲ್ಲಿ ಹುಟ್ಟಿದ ಪ್ರವಾಸ ಸಂಸ್ಥೆ ಕಾಕ್ಸ್ ಅಂಡ್ ಕಿಂಗ್ಸ್ 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಹೆಸರು ಹಳೆಯದು ಎಂಬುದೊಂದೇ ಭರವಸೆಯಲ್ಲ. ಆರು ತಿಂಗಳು ಮೊದಲೇ ಪೂರ್ತಿ ಹಣ ಕೊಟ್ಟರೆ ದೊಡ್ಡ ರಿಯಾಯಿತಿ ಎಂದರೆ ನಾನು ಒಪ್ಪುವುದಿಲ್ಲ. ಕಂತಿನಲ್ಲಿ ಕೊಡಿ, ರಸೀದಿ ಪಡೆಯಿರಿ, ಕಾರ್ಯಕ್ರಮ ಪಟ್ಟಿ ಮತ್ತು ರದ್ದತಿಯ ಷರತ್ತನ್ನು ಸಂಸ್ಥೆಯ ಮೊಹರಿನೊಂದಿಗೆ ಇಟ್ಟುಕೊಳ್ಳಿ.

ಎಂಟನೆಯ ಹೆಜ್ಜೆ: ನಡುವಿನ ದಾರಿಯನ್ನೂ ನೋಡಿ

ಈಗ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ವಿಮಾನ, ಹೋಟೆಲ್ ನೀವೇ ಹಿಡಿಯಿರಿ. ಕಷ್ಟದ ದಿನಗಳಿಗೆ ಮಾತ್ರ ಅಲ್ಲಿನ ಒಂದು ದಿನದ ಗೈಡ್ ಟೂರ್ ಕೊಳ್ಳಿ. ಮ್ಯೂಸಿಯಂ, ಅರಮನೆ, ಯುದ್ಧದ ಸ್ಮಾರಕ, ಇವೆಲ್ಲ ಬಲ್ಲವರು ಹೇಳಿದರೆ ಮಾತ್ರ ಬಾಯಿ ಬಿಡುವ ಜಾಗಗಳು. ವಿಯೆಟ್ನಾಮಿನ ಹೋಚಿಮಿನ್ ಸಿಟಿಯ ಅಂಚಿನಲ್ಲಿರುವ, ಯುದ್ಧಕಾಲದ ಕೂಚಿ ಸುರಂಗಗಳನ್ನು ಗೈಡ್ ಇಲ್ಲದೆ ನೋಡಿದರೆ ಬರೀ ಮಣ್ಣಿನ ಬಿಲ. ಸರೋವರ, ಪೇಟೆ, ಬೀದಿ, ಕಡಲತೀರಕ್ಕೆ ಯಾರೂ ಬೇಡ.

ಎರಡು ಮೂರು ಕುಟುಂಬಗಳು ಸೇರಿ ಹತ್ತು ಜನರಾದರೆ ಟೂರ್‌ನವರೇ ನಿಮಗಾಗಿ ಬೇರೆ ಕಾರ್ಯಕ್ರಮ ಮಾಡಿಕೊಡುತ್ತಾರೆ, ಚಿಕ್ಕ ವ್ಯಾನು, ನಿಮ್ಮದೇ ಸಮಯ. ದರ ಗ್ರೂಪಿಗಿಂತ ಹೆಚ್ಚು, ಆದರೆ ಹಿರಿಯರಿದ್ದರೆ ಆ ಹೆಚ್ಚಿನ ದುಡ್ಡು ಸಾರ್ಥಕ.

ಒಂಬತ್ತನೆಯ ಹೆಜ್ಜೆ: ಹೊರಡುವ ವಾರ

ಸ್ವಂತಕ್ಕೆ ಎಂದು ನಿರ್ಧರಿಸಿದವರು ಒಂದು ಕ್ರಮ ಹಿಡಿಯಿರಿ: ರಜೆ ಮಂಜೂರು, ವೀಸಾ ಅಪಾಯಿಂಟ್‌ಮೆಂಟ್ ಸಿಗುವುದೇ ಎಂಬ ಖಾತ್ರಿ, ವಿಮಾನ, ಹೋಟೆಲ್, ವೀಸಾ, ಆಮೇಲೆ ರೈಲು ಪಾಸು ಮತ್ತು ಸಮಯ ಹಾಕಿದ ಟಿಕೆಟ್‌ಗಳು. ಐಫೆಲ್‌ನಂಥ ಕಡೆ ಲಿಫ್ಟ್ ಟಿಕೆಟ್ ವಾರಗಳ ಮೊದಲೇ ಮುಗಿದುಹೋಗುತ್ತದೆ. ಪಾಸ್‌ಪೋರ್ಟ್ ಷೆಂಗೆನ್‌ಗೆ ವಾಪಸು ಬರುವ ದಿನದಿಂದ ಮೂರು ತಿಂಗಳಾದರೂ, ಏಷ್ಯಾದ ಎಷ್ಟೋ ದೇಶಗಳಿಗೆ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು.

ಟೂರೇ ಇರಲಿ, ಸ್ವಂತವೇ ಇರಲಿ, ಒಬ್ಬೊಬ್ಬರ ಜೇಬಿನಲ್ಲೂ ಒಂದು ಚೀಟಿ ಇಡಿ: ಅಂದಿನ ಹೋಟೆಲಿನ ಹೆಸರು ಆ ದೇಶದ ಲಿಪಿಯಲ್ಲಿ, ಮನೆಯವರ ಫೋನ್ ನಂಬರು, ವಿಮೆಯ ನಂಬರು, ಯುರೋಪಾದರೆ ತುರ್ತು ಸಹಾಯಕ್ಕೆ 112. ಫೋನಿನಲ್ಲಿದೆ ಎಂದು ಬಿಡಬೇಡಿ, ಚಾರ್ಜ್ ಇಲ್ಲದಾಗಲೇ ಅದು ಬೇಕಾಗುವುದು. ಹಿರಿಯರ ಚೀಟಿಯಲ್ಲಿ ಅಕ್ಷರ ದಪ್ಪಗಿರಲಿ, ಪಕ್ಕದಲ್ಲೇ ಕನ್ನಡದಲ್ಲೂ ಬರೆದಿಡಿ. ಹೋಟೆಲ್ ಬದಲಾದ ದಿನ ಬೆಳಿಗ್ಗೆ, ಬ್ಯಾಗು ಹೊರಗಿಡುವ ಮೊದಲು, ಹಳೇ ಚೀಟಿ ತೆಗೆದು ಹೊಸದನ್ನು ಹಾಕಿ.